ನಮ್ಮ ಮನೆಯ ಮೋಟಾರಿಗೆ ಬಂದ ಜ್ವರ

ನಮ್ಮ ಮನೆಯಲ್ಲಿ ಒಂದು ಹಳೆಯ ಮೋಟಾರುಗಾಡಿಯುಂಟು. ನಮ್ಮ ತೀರ್ಥರೂಪರು 1987ರಲ್ಲಿ ಅದನ್ನು ಕೊಂಡರು. ಅವರು 2012ರಲ್ಲಿ ಕಾಲವಾದ ಮೇಲೆ ಮನೆಯ ಪಾತ್ರೆಪದಾರ್ಥಗಳೊಡನೆ ಅದೂ ನಮ್ಮ ಪಾಲಿಗೆ ಬಂದಿತು. ಅಂಬಾಸಿಡರ್ ಎಂಬ ಹೆಸರನ್ನು ಕೇಳದ ಗೃಹಸ್ಥರು ಇರಲಾರರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಿಂದ ಹುಟ್ಟಿ, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಗುತ್ತಿದ್ದ ಈ ಗಾಡಿಯು ಈಗ ಹಾಸನದ ಬೀದಿಯಲ್ಲಿ ಹೊರಟಿತೆಂದರೆ ಹುಡುಗರು ನಿಂತು ನೋಡುವರು. ಬಂಧುಗಳಾದರೋ ಮನೆಗೆ ಬಂದಾಗಲೆಲ್ಲ, “ಇನ್ನೂ ಇದನ್ನು ಇಟ್ಟುಕೊಂಡಿದ್ದೀರಾ?” ಎಂದು ಕೇಳದೆ ಕಾಫಿ ಕುಡಿಯುವುದಿಲ್ಲ.

ಇಟ್ಟುಕೊಂಡಿರುವುದಕ್ಕೆ ಕಾರಣ ನಮ್ಮ ಮಾತೃಶ್ರೀಯವರು. ಅವರಿಗೆ ವಯಸ್ಸು ಎಂಬತ್ತು ದಾಟಿದೆ, ಮೊಣಕಾಲುಗಳೆರಡೂ ಬಾಗವು. ಈಗಿನ ಗಾಡಿಗಳಲ್ಲಿ ಕುಳಿತುಕೊಳ್ಳುವುದೆಂದರೆ ಬಾವಿಗೆ ಇಳಿದಂತೆ, ಮೇಲಕ್ಕೇಳಬೇಕಾದರೆ ಯಾರಾದರೂ ಹಗ್ಗ ಬಿಡಬೇಕು ಎಂದು ಅವರು ಹೇಳುವುದುಂಟು. ಅಂಬಾಸಿಡರಿನ ಹಿಂದಿನ ಆಸನವು ಜಗುಲಿಯಷ್ಟು ಎತ್ತರ, ಜಗುಲಿಯಷ್ಟೇ ಅಗಲ. ವರ್ಷಕ್ಕೊಮ್ಮೆ ಮಾರ್ಗಶಿರದ ಷಷ್ಠಿಗೆ ಅವರು ಅದರಲ್ಲಿ ಕುಳಿತು ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗುವರು. ಅಲ್ಲಿ ಸುಬ್ರಹ್ಮಣ್ಯಸ್ವಾಮಿಯ ತೇರು; ಅದಕ್ಕಿಂತಲೂ ಹೆಚ್ಚಾಗಿ, ಅಲ್ಲಿಗೆ ಹತ್ತಿರದಲ್ಲಿ ಕಾವೇರಿಯ ದಡದಲ್ಲಿರುವ ಅವರ ತೌರೂರು, ಅಲ್ಲಿ ಅವರ ಅಣ್ಣಂದಿರು, ಅಂದರೆ ನಮ್ಮ ಸೋದರಮಾವನವರು. ಮಾವನವರಿಗೆ ಆಗ ತೊಂಬತ್ತರ ಹತ್ತಿರ ಹತ್ತಿರ. ಅಣ್ಣತಂಗಿಯರು ಆ ಒಂದು ಮಧ್ಯಾಹ್ನ ಕುಳಿತು ಏನು ಮಾತನಾಡುತ್ತಿದ್ದರೆಂಬುದು ನಮಗೆ ಇಂದಿಗೂ ತಿಳಿಯದು. ಬಹುಪಾಲು ಸುಮ್ಮನೆ ಕುಳಿತಿರುತ್ತಿದ್ದರು.

ಗಾಡಿಗೆ ಜ್ವರವು ಮೊದಲು ಕಾಣಿಸಿಕೊಂಡದ್ದು ಚನ್ನರಾಯಪಟ್ಟಣದ ರಸ್ತೆಯಲ್ಲಿ. ಏರು ಬಂದ ಕಡೆ ಉಷ್ಣಸೂಚಕದ ಮುಳ್ಳು ಮೇಲಕ್ಕೇರುವುದು, ಇಳಿಜಾರಿನಲ್ಲಿ ಇಳಿಯುವುದು. ಮಕ್ಕಳ ಜ್ವರದಂತೆ ಬಂದುಹೋಗುವುದಷ್ಟೆ ಎಂದು ನಾವು ಉಪೇಕ್ಷೆ ಮಾಡಿದೆವು. ನೀರು ಕಡಮೆಯಾದರೆ ತುಂಬಿದರಾಯಿತು! ಚನ್ನರಾಯಪಟ್ಟಣದ ಕಡೆ ನಮ್ಮ ಅಕ್ಕನ ತೆಂಗಿನ ತೋಟವಿದೆ. ಹೋದಾಗಲೆಲ್ಲ ಅಲ್ಲಿನ ಕೊಳವೆಬಾವಿಯ ನೀರನ್ನು ಒಂದು ಡಬ್ಬಿಯಲ್ಲಿ ತುಂಬಿಕೊಂಡು, ದಾರಿಯುದ್ದಕ್ಕೂ ಗಾಡಿಗೆ ಕುಡಿಸುತ್ತ ಬರುತ್ತಿದ್ದೆವು. ಈ ಡಬ್ಬಿಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

2023ರ ಡಿಸೆಂಬರಿನ ಷಷ್ಠಿ. ಹಾಸನದಿಂದ ಗೊರೂರಿನ ಮಾರ್ಗವಾಗಿ ಹೊರಟೆವು. ಅರಕಲಗೂಡು ದಾಟಿದ ಮೇಲೆ ರಸ್ತೆಯ ಮೇಲೆಲ್ಲ ಒಕ್ಕಣೆ. ಕಣ ಮಾಡುವ ಪದ್ಧತಿ ಕಡಮೆಯಾಗಿ, ರೈತರು ಹುರುಳಿಯ ಗಿಡವನ್ನೂ ರಾಗಿಯ ತೆನೆಯನ್ನೂ ಡಾಂಬರಿನ ಮೇಲೆ ಹರಡಿ, ಓಡಾಡುವ ಗಾಡಿಗಳ ಚಕ್ರದಿಂದಲೇ ಕಾಳು ಬಿಡಿಸಿಕೊಳ್ಳುವುದನ್ನು ನಮ್ಮ ಜಿಲ್ಲೆಯವರೆಲ್ಲರೂ ಕಂಡಿದ್ದಾರೆ. ಎರಡು ಚಕ್ರದ ಗಾಡಿಯವರು ಇದರಲ್ಲಿ ಜಾರಿ ಬೀಳುವರು. ಹೊಟ್ಟು ಎಂಜಿನ್ನಿನ ಕೆಳಗೆ ಸುತ್ತಿಕೊಂಡು ಬೆಂಕಿ ಹತ್ತುವುದೂ ಉಂಟು. ಅದು ತಪ್ಪೆಂದು ಅಧಿಕಾರಿಗಳು ಹೇಳುತ್ತಲೇ ಇರುವರು, ಹುರುಳಿ ಪ್ರತಿವರ್ಷವೂ ರಸ್ತೆಗೆ ಬರುತ್ತಲೇ ಇರುವುದು. ನಾವು ಒಂದರ ಮೇಲೊಂದರಂತೆ ಏಳೆಂಟು ಹಾಸುಗಳನ್ನು ದಾಟಿದೆವು. ಮುಳ್ಳು ಕೆಂಪಿಗೆ ಹೋಗಿ ಅಲ್ಲಿಯೇ ನಿಂತಿತು. ಮುಂಭಾಗದಿಂದ ಆವಿ ಬುಸುಗುಟ್ಟಿತು. ಗಾಡಿಯನ್ನು ಒಂದು ಹೊಂಗೆಯ ಮರದ ಬಳಿ ನಿಲ್ಲಿಸಿದೆವು.

ಅಲ್ಲಿ ನಾವು ಮಾಡಿದ ಕೆಲಸವನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬೇರೊಬ್ಬರು ಮಾಡದಿರಲೆಂದು ಬರೆಯುತ್ತೇವೆ. ತೇರು ಹೊರಡುವ ಹೊತ್ತು ಮೀರುವುದೆಂಬ ಆತುರದಲ್ಲಿ, ಹೆಗಲಿನ ವಸ್ತ್ರವನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳವನ್ನು ತಿರುಗಿಸಿಬಿಟ್ಟೆವು. ಒಳಗಿದ್ದದ್ದು ನೀರಲ್ಲ, ಒತ್ತಿಹಿಡಿದಿದ್ದ ಬೆಂಕಿ. ಅದು ಮೇಲಕ್ಕೆ ಚಿಮ್ಮಿ ನಮ್ಮ ಬಲಗೈಯನ್ನು ಮೊಣಕೈಯವರೆಗೆ ಬೇಯಿಸಿತು. ಒತ್ತಡದ ಅಡುಗೆಪಾತ್ರೆಯನ್ನು ಸದ್ದು ಅಡಗುವ ಮೊದಲೇ ತೆರೆಯಬಾರದೆಂದು ಮನೆಯ ಹೆಣ್ಣುಮಕ್ಕಳಿಗೆ ಹತ್ತು ಸಲ ಹೇಳಿದವರು ನಾವು!

ಹುರುಳಿ ಕಾಯುತ್ತಿದ್ದ ಹೆಂಗಸೊಬ್ಬಳು ಓಡಿಬಂದು, “ಅಯ್ಯೋ ಸ್ವಾಮಿ, ಕೈಯ ನೀರಿಗಿಡಿ, ನೀರಿಗಿಡಿ” ಎಂದು ತನ್ನ ಕುಡಿಯುವ ನೀರಿನ ಕೊಡವನ್ನೇ ತಂದು ಕೈಯ ಮೇಲೆ ಸಣ್ಣಗೆ ಸುರಿಯತೊಡಗಿದಳು. ಅಷ್ಟರಲ್ಲಿ ಯಾರೋ ಹಲ್ಲುಜ್ಜುವ ಪೇಸ್ಟನ್ನು ತಂದರು, ಮತ್ತೊಬ್ಬರು ಅರಿಸಿನವೆಂದರು. ಆಕೆ ಯಾರನ್ನೂ ಹತ್ತಿರ ಬಿಡಲಿಲ್ಲ. ಸುಟ್ಟ ಕೈಯನ್ನು ಇಪ್ಪತ್ತು ನಿಮಿಷವಾದರೂ ತಣ್ಣೀರಿನ ಧಾರೆಯಲ್ಲಿ ಹಿಡಿಯಬೇಕು, ಬೇರೇನನ್ನೂ ಬಳಿಯಬಾರದು ಎಂದು ಆ ಮೇಲೆ ಅರಕಲಗೂಡಿನಲ್ಲಿ ವೈದ್ಯರು ಹೇಳಿದಾಗ, ಆ ಹೆಂಗಸು ಇದನ್ನು ಎಲ್ಲಿ ಕಲಿತಳೋ ಎಂದು ಆಶ್ಚರ್ಯಪಟ್ಟೆವು. ಅವಳ ಕೊಡ ಬರಿದಾಯಿತು. ನಾವು ತೇರನ್ನೂ ಕಾಣದೆ, ಮಾವನವರನ್ನೂ ಕಾಣದೆ ಹಿಂದಿರುಗಿದೆವು. ಗಾಡಿಯನ್ನು ಮರುದಿನ ಬೇರೊಂದು ವಾಹನಕ್ಕೆ ಕಟ್ಟಿ ಎಳೆಸಿಕೊಂಡು ಬಂದರು.

“ಬಾಡಿಗೆಯ ಗಾಡಿ ತರಿಸುತ್ತೇವಮ್ಮ, ಮುಂದಿನ ವಾರ ಹೋಗಿಬರೋಣ” ಎಂದೆವು. “ನಿನ್ನ ಕೈ ವಾಸಿಯಾಗಲಿ, ನಮ್ಮ ಗಾಡಿ ಸರಿಹೋಗಲಿ. ಅಣ್ಣ ಎಲ್ಲಿ ಓಡಿಹೋಗ್ತಾನಪ್ಪ” ಎಂದರು ಮಾತೃಶ್ರೀಯವರು.

ಗಾಡಿ ಸರಿಹೋಗಲಿಲ್ಲ. ಮೊದಲು ತೋರಿಸಿದ ಕಡೆ ನೀರಿನ ಪಂಪು ಕೆಟ್ಟಿದೆಯೆಂದು ಹೊಸದನ್ನು ಹಾಕಿದರು. ಹೊಳೆನರಸೀಪುರದವರೆಗೆ ಹೋಗಿ ನೋಡಿದೆವು. ಹೇಮಾವತಿಯ ಸೇತುವೆ ಕಣ್ಣಿಗೆ ಬೀಳುವ ಮೊದಲೇ ಮುಳ್ಳು ಏರಿತು. ಇನ್ನೊಂದು ಕಡೆ ಥರ್ಮೋಸ್ಟಾಟ್ ಎಂಬ ಭಾಗವನ್ನು ಕಿತ್ತು ನಮ್ಮ ಕೈಗೆ ಕೊಟ್ಟು, “ನಮ್ಮ ಸೆಖೆಯ ದೇಶಕ್ಕೆ ಇದು ಬೇಡ” ಎಂದರು. ಈ ಮಾತು ಊರೂರಿನಲ್ಲಿಯೂ ಪ್ರಚಾರದಲ್ಲಿದೆ, ಅದು ತಪ್ಪು. ಥರ್ಮೋಸ್ಟಾಟೆಂದರೆ ನೀರಿನ ದಾರಿಯಲ್ಲಿರುವ ಒಂದು ಬಾಗಿಲು. ಎಂಜಿನ್ನು ತಣ್ಣಗಿರುವಾಗ ಮುಚ್ಚಿದ್ದು, ಸುಮಾರು 80 ಡಿಗ್ರಿ ಶಾಖವಾದಾಗ ತಾನೇ ತೆರೆಯುವುದು. ಬಾಗಿಲು ಕೆಟ್ಟು ಮುಚ್ಚಿಯೇ ಉಳಿದರೆ ಎಂಜಿನ್ನು ಕುದಿಯುವುದು ನಿಜ. ಆದರೆ ಅದನ್ನು ಒಂದು ಪಾತ್ರೆಯ ನೀರಿನಲ್ಲಿಟ್ಟು ಒಲೆಯ ಮೇಲೆ ಕಾಯಿಸಿದರೆ ತೆರೆಯುವುದೋ ಇಲ್ಲವೋ ಎಂದು ಐದು ನಿಮಿಷದಲ್ಲಿ ತಿಳಿಯುವುದು. ನಮ್ಮದನ್ನು ಹಾಗೆ ಕಾಯಿಸಿದೆವು. ಅದು ಮೊಗ್ಗು ಅರಳಿದಂತೆ ಅರಳಿತು. ನಿರಪರಾಧಿಯನ್ನು ಹೊರಗೆ ಹಾಕಿದ್ದಾಯಿತು. ಬೆಳಗಿನ ಹೊತ್ತು ಎಂಜಿನ್ನು ಬಿಸಿಯೇರದೆ ಪೆಟ್ರೋಲು ಹೆಚ್ಚು ಕುಡಿಯತೊಡಗಿತು. ಮಧ್ಯಾಹ್ನ ಎಂದಿನಂತೆ ಕುದಿಯಿತು.

ಹೀಗೆ ತಿಂಗಳುಗಳು ಕಳೆಯುತ್ತಿರುವಾಗ, ಮಾಘಮಾಸದಲ್ಲಿ ಮಾವನವರು ತೀರಿಕೊಂಡರು. ನಾವು ಬಾಡಿಗೆಯ ಗಾಡಿಯಲ್ಲಿ ಹೋದೆವು. ಮಾತೃಶ್ರೀಯವರನ್ನು ಅದರೊಳಗಿಂದ ಇಳಿಸಲು ಮೂವರು ಬೇಕಾಯಿತು. ಅವರು ನಮ್ಮನ್ನು ಒಂದು ಮಾತೂ ಆಡಲಿಲ್ಲ.

ಅಕ್ಕನ ಮಗನು ಅಮೆರಿಕದಲ್ಲಿದ್ದಾನೆ. ಅವನಲ್ಲಿಯೂ ಒಂದು ಹಳೆಯ ಗಾಡಿಯಿದೆ. ಆದರೆ ಅದರ ಜಾತಿಯೇ ಬೇರೆ. ಜಪಾನಿನ ಮಾಜ್ದಾ ಕಂಪೆನಿಯು 1980ರ ದಶಕದ ಉತ್ತರಾರ್ಧದಲ್ಲಿ ಮಾಡಿದ ಆರ್‌ಎಕ್ಸ್-7 ಎಂಬ ಇಬ್ಬರೇ ಕುಳಿತುಕೊಳ್ಳತಕ್ಕ ಓಟದ ಗಾಡಿ. ನಮ್ಮ ಗಾಡಿಯಲ್ಲಿ ಕೊಂತಗಳು ಒನಕೆಯಂತೆ ಮೇಲೆ ಕೆಳಗೆ ಕುಟ್ಟಿದರೆ, ಅದರಲ್ಲಿ ಕೊಂತವೇ ಇಲ್ಲ. ಕಡಲೆಕಾಯಿಯ ಸಿಪ್ಪೆಯ ಆಕಾರದ ಗೂಡಿನೊಳಗೆ ಮೂರು ಮೂಲೆಯ ಒಂದು ಚಕ್ರವು ಬೀಸುವ ಕಲ್ಲಿನಂತೆ ತಿರುಗುವುದು. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಎಂಬವರು ಕಲ್ಪಿಸಿದ ಈ ಯಂತ್ರವನ್ನು ಹೂಡಿದ ಗಾಡಿಯನ್ನು ಅಲ್ಲಿನ ಎನ್‌ಎಸ್‌ಯು ಕಂಪೆನಿಯು 1964ರಲ್ಲಿ ಮಾರಾಟಕ್ಕೆ ತಂದಿತು. ಮಾಜ್ದಾದವರು 1967ರಿಂದ ಅದನ್ನು ಹಿಡಿದು ಸಾಧಿಸಿ, 1991ರಲ್ಲಿ ಫ್ರಾನ್ಸಿನ ಲ ಮಾನ್ಸಿನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನೇ ಗೆದ್ದರು. ಇಷ್ಟಾದರೂ ಆ ಯಂತ್ರಕ್ಕೆ ಶಾಖವೆಂದರೆ ಪ್ರಾಣಭಯ. ಯಾತಕ್ಕೆಂದರೆ ಅದರಲ್ಲಿ ಉರಿಯು ಯಾವಾಗಲೂ ಗೂಡಿನ ಒಂದೇ ಮಗ್ಗುಲಿನಲ್ಲಿ ಏಳುವುದು. ತಣ್ಣನೆಯ ಗಾಳಿ ಒಳಗೆ ಬರುವುದು ಇನ್ನೊಂದು ಮಗ್ಗುಲಿನಲ್ಲಿ. ಒಂದು ಪಕ್ಕ ಹಿಗ್ಗಿ ಒಂದು ಪಕ್ಕ ಹಿಗ್ಗದಿದ್ದರೆ, ಕಬ್ಬಿಣ ಅಲ್ಯೂಮಿನಿಯಮ್ಮುಗಳ ನಡುವೆ ಕೂರಿಸಿದ ರಬ್ಬರಿನ ಬಳೆಗಳು ಸೋತು, ನೀರು ಉರಿಯುವ ಕೋಣೆಗೇ ನುಗ್ಗುವುದು. ಒಮ್ಮೆ ಚೆನ್ನಾಗಿ ಕುದಿದರೆ ಸಾಕು, ಯಂತ್ರವನ್ನೆಲ್ಲ ಬಿಚ್ಚಬೇಕು. ನಮ್ಮ ಅಂಬಾಸಿಡರಿನ 1,489 ಘನ ಸೆಂಟಿಮೀಟರಿನ ಎಂಜಿನ್ನಾದರೋ ತಲೆಯಿಂದ ಬುಡದವರೆಗೆ ಎರಕದ ಕಬ್ಬಿಣ. ಹಳ್ಳಿಯ ಎಮ್ಮೆಯಂತೆ ಎಷ್ಟೋ ಸಹಿಸುವುದು.

ಅವನು ದೂರವಾಣಿಯಲ್ಲಿ ನಮ್ಮ ಗೋಳನ್ನು ಕೇಳಿ ನಕ್ಕು, “ಮಾವ, ನನ್ನದೂ ಎರಡು ವರ್ಷ ಹೀಗೇ ಆಡಿಸಿತು. ಮೊದಲು ಒಂದು ಹೇಳಿ, ನಿಂತಾಗ ಕಾಯುತ್ತೋ ಓಡುವಾಗ ಕಾಯುತ್ತೋ?” ಎಂದನು.

ಈ ಪ್ರಶ್ನೆಯನ್ನು ಅದುವರೆಗೆ ನಮ್ಮನ್ನು ಯಾರೂ ಕೇಳಿರಲಿಲ್ಲ. ಪೇಟೆಯ ನಡುವೆ ನಿಂತಾಗ ಮಾತ್ರ ಕಾಯುವುದಾದರೆ ಗಾಳಿಯ ದೋಷ: ಬೀಸಣಿಗೆಯೋ, ಅದನ್ನು ತಿರುಗಿಸುವ ಪಟ್ಟಿಯೋ ಸಡಿಲ. ಏರಿನಲ್ಲಿ, ವೇಗದಲ್ಲಿ ಕಾಯುವುದಾದರೆ ನೀರಿನ ದೋಷ: ರೇಡಿಯೇಟರಿನ ಕೊಳವೆಗಳಲ್ಲಿ ಎಲ್ಲಿಯೋ ತಡೆ. ಅವನ ಗಾಡಿಯಲ್ಲಿ ಹೊಟ್ಟೆಯ ಕೆಳಗಿನ ಒಂದು ತಟ್ಟೆಯನ್ನು ಯಾರೋ ಕಳಚಿ ಬಿಸಾಡಿದ್ದರಂತೆ. ಮುಂದಿನಿಂದ ಬಂದ ಗಾಳಿಯು ರೇಡಿಯೇಟರಿನೊಳಗೆ ಹೋಗುವ ಬದಲು ಅದರ ಕೆಳಗೆ ನುಸುಳಿಹೋಗುತ್ತಿತ್ತಂತೆ. ಎರಡು ರೇಡಿಯೇಟರುಗಳನ್ನು ಬದಲಾಯಿಸಿದ ಮೇಲೆ ಆ ತಟ್ಟೆ ನೆನಪಾಯಿತೆಂದು ಹೇಳಿದನು. “ನಮ್ಮದು ಮೊದಲು ಓಡುವಾಗ ಕಾಯುತ್ತಿತ್ತು, ಈಗ ನಿಂತಾಗಲೂ ಕಾಯುತ್ತದೆ” ಎಂದೆವು. “ಹಾಗಾದರೆ ಎರಡು ಕಾಯಿಲೆ ಮಾವ, ಒಂದಲ್ಲ. ರೇಡಿಯೇಟರನ್ನು ಇಳಿಸಿ ನೋಡಿಸಿ.”

ಹಾಸನದಲ್ಲಿ ರೇಡಿಯೇಟರಿನ ಕೆಲಸವನ್ನೇ ಮಾಡುವ ಒಬ್ಬ ವೃದ್ಧ ಸಾಹೇಬರಿದ್ದಾರೆ. ಅವರು ಅದನ್ನು ಇಳಿಸಿ, ಬೆಳಕಿಗೆ ಎತ್ತಿ ಹಿಡಿದು ನಮ್ಮನ್ನು ಕರೆದರು. ಹಿತ್ತಾಳೆಯ ಸಣ್ಣ ಕೊಳವೆಗಳ ನಡುವಣ ರೆಕ್ಕೆಗಳ ಸಂದಿಯಲ್ಲಿ ಆಕಾಶ ಕಾಣಬೇಕು, ಕಾಣಲಿಲ್ಲ. ಹುರುಳಿಯ ಹೊಟ್ಟು, ರಾಗಿಯ ತೌಡು, ಸತ್ತ ಹುಳುಗಳು, ಇವುಗಳ ನಡುವೆ ಒಣಗಿದ ಸೇವಂತಿಗೆಯ ಎಸಳುಗಳು. ಕೊನೆಯದು ಆಯುಧಪೂಜೆಯ ಪ್ರಸಾದ: ಬಾಳೆಯ ಕಂದನ್ನೂ ಹೂವಿನ ಹಾರವನ್ನೂ ಗಾಡಿಯ ಮುಂದಿನ ಜಾಲರಿಗೆ ಕಟ್ಟಿ, ತಾನಾಗಿ ಉದುರಿಹೋಗುವವರೆಗೂ ಬಿಡುವುದು ನಮ್ಮ ಮನೆಯ ವಾಡಿಕೆಯಾಗಿದ್ದಿತು. ಗಾಡಿಗೆ ಪೂಜೆ ಮಾಡಿ ಅದರ ಮೂಗನ್ನು ಮುಚ್ಚಿದ್ದೆವು.

ಸಾಹೇಬರು ಮೇಲಿನಿಂದ ಒಂದು ಬಕೆಟ್ಟು ನೀರನ್ನು ಸುರಿದರು. ಸರಿಯಾದ ರೇಡಿಯೇಟರಾದರೆ ಕೆಳಗಿನ ಬಾಯಿಂದ ಮಡಿಲು ತುಂಬ ಧುಮುಕಬೇಕು. ನಮ್ಮದರಿಂದ ಹಸುಳೆ ಉಚ್ಚೆ ಹೊಯ್ದಂತೆ ಬಂದಿತು. ಬೆಸುಗೆ ಬಿಡಿಸಿ ಮೇಲಿನ ತೊಟ್ಟಿಯನ್ನು ತೆಗೆದರು. ಒಳಗೆಲ್ಲ ಬೆಳ್ಳಗೆ, ಸುಣ್ಣ ಬಳಿದಂತೆ. “ಸ್ವಾಮಿ, ಎಲ್ಲಿಯ ನೀರು ಹಾಕ್ತಿದ್ರಿ?” ಎಂದರು.

ನಮಗೆ ಥಟ್ಟನೆ ಬಚ್ಚಲಮನೆಯ ಹಂಡೆ ನೆನಪಾಯಿತು. ಕೊಳವೆಬಾವಿಯ ಗಡಸುನೀರನ್ನು ಕಾಯಿಸುವ ಮನೆಗಳಲ್ಲಿ ಹಂಡೆಯ ತಳಕ್ಕೆ ಬಿಳಿಯ ಹಕ್ಕಳೆ ಕಟ್ಟುವುದನ್ನು ಕಾಣದವರಾರು? ನೆಲದಾಳದ ನೀರು ಕಲ್ಲಿನ ಸುಣ್ಣವನ್ನು ಕರಗಿಸಿಕೊಂಡು ಬರುವುದು. ಕಾದಾಗ ಸುಣ್ಣವು ಬೇರ್ಪಟ್ಟು ಪಾತ್ರೆಗೆ ಅಂಟುವುದು. ನೀರು ಆವಿಯಾಗಿ ಹೋಗುವುದು, ಸುಣ್ಣ ಹೋಗದು. ನಾವು ಪ್ರತಿಸಲ ಡಬ್ಬಿಯಿಂದ ಹೊಸ ನೀರು ತುಂಬಿದಾಗಲೂ ಹೊಸ ಸುಣ್ಣವನ್ನೇ ತುಂಬುತ್ತಿದ್ದೆವು. ಕುದಿಯುವುದರಿಂದ ತುಂಬಬೇಕಾಯಿತು, ತುಂಬಿದ್ದರಿಂದ ಮತ್ತಷ್ಟು ಕುದಿಯಿತು.

ಇನ್ನು ತೀರ್ಥರೂಪರ ಸಂಗತಿ. ಅವರ ಕಾಲದಲ್ಲಿ ಹಿತ್ತಿಲಿನ ಹೆಂಚಿನ ಸೂರಿನ ಕೆಳಗೆ ಒಂದು ತಾಮ್ರದ ಕೊಪ್ಪರಿಗೆಯಿರುತ್ತಿತ್ತು. ಮುಂಗಾರಿನ ಮೊದಲ ಎರಡು ಮೂರು ಮಳೆಗೆ ಹೆಂಚು ತೊಳೆದುಹೋದ ಮೇಲೆ ಅದನ್ನು ಇಟ್ಟು ನೀರು ಹಿಡಿಯುವರು. ಬಟ್ಟೆಯಲ್ಲಿ ಶೋಧಿಸಿ, ಸೀಸೆಗಳಲ್ಲಿ ತುಂಬಿ, “ಗಾಡಿ” ಎಂದು ಚೀಟಿ ಅಂಟಿಸುವರು. ಮನೆಯವರು ನಗುತ್ತಿದ್ದೆವು. ಪೆಟ್ರೋಲಿಗಿಂತ ನೀರಿಗೇ ಇವರ ಉಪಚಾರ ಹೆಚ್ಚು ಎಂದು ನಾವೇ ಅವರೆದುರಿಗೆ ಅಂದದ್ದುಂಟು. ಮಳೆಯ ನೀರೆಂದರೆ ಸೂರ್ಯನು ಬಟ್ಟಿಯಿಳಿಸಿದ ನೀರು, ಅದರಲ್ಲಿ ಸುಣ್ಣವಿಲ್ಲ ಎಂಬುದನ್ನು ಅವರು ಹೇಳಿದ್ದರೋ ಇಲ್ಲವೋ, ನಾವಂತೂ ಕೇಳಲಿಲ್ಲ. ಅವರು ಹೋದ ವರ್ಷವೇ ಕೊಪ್ಪರಿಗೆಯನ್ನು ಹಳೆಯ ತಾಮ್ರದ ಬೆಲೆಗೆ ಕೊಟ್ಟುಬಿಟ್ಟಿದ್ದೆವು.

ಸಾಹೇಬರು ಕೊಳವೆ ಕೊಳವೆಗೂ ಚಪ್ಪಟೆಯ ಸಲಾಕೆಯನ್ನಾಡಿಸಿ ಸುಣ್ಣವನ್ನು ಕೆರೆದರು. ರೆಕ್ಕೆಗಳನ್ನು ಎಂಜಿನ್ನಿನ ಕಡೆಯಿಂದ ಹೊರಮುಖವಾಗಿ ನೀರು ಹಾಯಿಸಿ ತೊಳೆದರು. ಮುಂದಿನಿಂದ ತೊಳೆದರೆ ಹೊಟ್ಟು ಇನ್ನಷ್ಟು ಒಳಗೆ ಹೋಗಿ ಕೂರುವುದಂತೆ. ಎಂಜಿನ್ನಿನ ಒಡಲಿನಲ್ಲಿಯೂ ಸುಣ್ಣವಿರುವುದರಿಂದ ನಿಂಬೆಹುಳಿಯ ಹರಳನ್ನು ಕರಗಿಸಿದ ನೀರನ್ನು ತುಂಬಿ, ಸ್ವಲ್ಪ ಹೊತ್ತು ಓಡಿಸಿ, ಬಸಿದು, ತಿಳಿನೀರು ಬರುವವರೆಗೆ ತೊಳೆದರು. ಥರ್ಮೋಸ್ಟಾಟನ್ನು ಅದರ ಸ್ಥಾನಕ್ಕೆ ಹಿಂದಿರುಗಿಸಿದರು. ಬೀಸಣಿಗೆಯ ಪಟ್ಟಿಯನ್ನು ಬೆರಳಿನಿಂದ ಒತ್ತಿದರೆ ಅರ್ಧ ಅಂಗುಲದಷ್ಟು ಬಾಗುವಂತೆ ಬಿಗಿದರು.

ಕೊನೆಗೆ ಮುಚ್ಚಳ. ನಮ್ಮ ಕೈಯನ್ನು ಸುಟ್ಟ ಅದೇ ಮುಚ್ಚಳ. ಅದರ ರಬ್ಬರಿನ ಬಿಲ್ಲೆ ಒಣಗಿ ಬಿರಿದಿತ್ತು. ಇದು ನಮ್ಮ ಸೀಮೆಯವರು ವಿಶೇಷವಾಗಿ ತಿಳಿಯಬೇಕಾದ ಅಂಶ. ಹಾಸನವು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಅಲ್ಲ, ಸುಮಾರು 97 ಡಿಗ್ರಿಗೇ ಕುದಿಯುವುದು. ಮಂಗಳೂರಿನಲ್ಲಿ ಕುದಿಯದೆ ಸಹಿಸುವ ಗಾಡಿ ಇಲ್ಲಿ ಮೂರು ಡಿಗ್ರಿ ಮೊದಲೇ ಕುದಿಯಬಹುದು. ಮುಚ್ಚಳವು ಒತ್ತಡವನ್ನು ಹಿಡಿದಿಟ್ಟರೆ, ಚದರ ಅಂಗುಲಕ್ಕೆ ಒಂದು ಪೌಂಡಿಗೆ ಸುಮಾರು ಒಂದೂವರೆ ಡಿಗ್ರಿಯಂತೆ ಕುದಿಯುವ ಮಟ್ಟ ಮೇಲೇರುವುದು. ಬಿರಿದ ಬಿಲ್ಲೆಯಿಂದ ಒತ್ತಡ ಸೋರುತ್ತ ಬಂದಂತೆ ಆ ರಕ್ಷಣೆಯೂ ಸೋರಿಹೋಗಿತ್ತು. ಕೈ ಸುಡುವಷ್ಟು ಮಾತ್ರ ಉಳಿದಿತ್ತು. ಹೊಸ ಮುಚ್ಚಳಕ್ಕೆ ಕೊಟ್ಟದ್ದು ಆ ಹಿಂದೆ ಪಂಪಿಗೆ ಕೊಟ್ಟ ಹಣದ ಸಣ್ಣ ಪಾಲು.

ಈಗ ಬಟ್ಟಿಯಿಳಿಸಿದ ನೀರಿಗೆ ಗ್ಲೈಕಾಲಿನ ಶೀತಕವನ್ನು ಬೆರೆಸಿ ಹಾಕುತ್ತೇವೆ. ಅದು ತುಕ್ಕನ್ನು ತಡೆಯುವುದು, ಕುದಿಯುವ ಮಟ್ಟವನ್ನೂ ಏರಿಸುವುದು. ಆದರೆ ಅದು ಸಿಹಿಯಾದ ವಿಷ. ನೆಲದ ಮೇಲೆ ಚೆಲ್ಲಿದ್ದನ್ನು ನಾಯಿ ಬೆಕ್ಕುಗಳು ನೆಕ್ಕಿ ಸಾಯುವುವು. ಮಕ್ಕಳ ಕೈಗೆ ಸಿಕ್ಕುವಂತೆ ಇಡಲೇಬಾರದು. ನಾವು ಅದನ್ನು ದೇವರಮನೆಯ ಮೇಲಿನ ಅಟ್ಟದಲ್ಲಿ ಬೀಗ ಹಾಕಿ ಇಟ್ಟಿದ್ದೇವೆ.

2024ರ ಡಿಸೆಂಬರಿನಲ್ಲಿ ಷಷ್ಠಿ ಬಂದಿತು. ಹೋಗುವುದೋ ಬೇಡವೋ ಎಂದು ನಾವು ಕೇಳಲಿಲ್ಲ. ಹಿಂದಿನ ರಾತ್ರಿಯೇ ಮಾತೃಶ್ರೀಯವರು ತಮ್ಮ ಚೀಲವನ್ನು ಕಟ್ಟಿಟ್ಟಿದ್ದರು. ಗೊರೂರಿನ ಏರುಗಳಲ್ಲಿ ನಮ್ಮ ಕಣ್ಣು ರಸ್ತೆಗಿಂತ ಹೆಚ್ಚಾಗಿ ಮುಳ್ಳಿನ ಮೇಲಿತ್ತು. ಅದು ನಡುವಿನಲ್ಲಿ ನಿಂತದ್ದು ಅಲುಗಲಿಲ್ಲ. ತೇರನ್ನು ನೋಡಿದೆವು. ತೌರುಮನೆಯಲ್ಲಿ ಮಾತೃಶ್ರೀಯವರು ಎಂದಿನ ಜಾಗದಲ್ಲಿ, ಎದುರಿಗೆ ಬರಿದಾದ ಬೆತ್ತದ ಕುರ್ಚಿಯಿರಲು, ಒಂದು ಗಂಟೆಯ ಹೊತ್ತು ಕುಳಿತಿದ್ದು, “ಹೊರಡೋಣಪ್ಪ” ಎಂದರು.

ಹಿಂದಿರುಗುವಾಗ ಆ ಹೊಂಗೆಯ ಮರದ ಬಳಿ ನಿಲ್ಲಿಸೆಂದರು. ಆ ಹೆಂಗಸು ಅಲ್ಲಿಯೇ ಇದ್ದಳು. ರಸ್ತೆಯ ಮೇಲೆ ಹುರುಳಿಯೂ ಇದ್ದಿತು. ಮಾತೃಶ್ರೀಯವರು ಹಿಂದಿನ ಆಸನದಿಂದಲೇ ಕೈ ಚಾಚಿ ಅರಿಸಿನ ಕುಂಕುಮ, ಹಣ್ಣು, ಜಾತ್ರೆಯಲ್ಲಿ ಕೊಂಡ ಒಂದು ಹೊಸ ಕೊಡ, ಇವನ್ನು ಕೊಟ್ಟರು. ಅವಳು ಕೊಡವನ್ನು ತಟ್ಟಿ ನೋಡಿ, ನಮ್ಮ ಕೈಯನ್ನೂ ಹಿಡಿದು ನೋಡಿ, “ಕಲೆ ಉಳಕೊಂಡಿಲ್ಲ ಬಿಡಿ” ಎಂದಳು.

ಹೊಟ್ಟಿನ ಮೇಲೆ ಇನ್ನು ಗಾಡಿ ಓಡಿಸಲಾರೆವೆಂದು ಶಪಥ ಮಾಡಿದ್ದ ನಾವು, ಅವಳ ಹುರುಳಿಯನ್ನು ಬಳಸಿಕೊಂಡು ಹೋಗಲು ಗಾಡಿಯನ್ನು ರಸ್ತೆಯ ಅಂಚಿಗೆ ಇಳಿಸತೊಡಗಿದೆವು. ಅವಳಿಗೆ ಎಲ್ಲಿಲ್ಲದ ಕೋಪ ಬಂದಿತು. “ಅದ್ಯಾಕೆ ಸ್ವಾಮಿ ಸುತ್ತಾಕ್ಕೊಂಡು ಹೋಗ್ತೀರಿ? ಅದರ ಮೇಲೇ ಹತ್ತಿಸ್ಕೊಂಡು ಹೋಗಿ!” ಎಂದು ಕೂಗಿದಳು. ಹಿಂದಿನ ಆಸನದಿಂದ ಮಾತೃಶ್ರೀಯವರೂ, “ಹತ್ತಿಸಪ್ಪ” ಎಂದರು.

ಹತ್ತಿಸಿದೆವು. ಮರುದಿನ ಬೆಳಿಗ್ಗೆ ರೇಡಿಯೇಟರನ್ನು ಎಂಜಿನ್ನಿನ ಕಡೆಯಿಂದ ತೊಳೆದಾಗ ಹಿಡಿಯಷ್ಟು ಹೊಟ್ಟು ಹೊರಬಂದಿತು. ಅದರಲ್ಲಿ ಆರು ಕಾಳು ಹುರುಳಿಯೂ ಇದ್ದಿತು.